ಅತ್ತೆ ಬಳಿದ ಸುಣ್ಣ, ನಾನು ನುಂಗಿದ ಗುಳಿಗೆ

ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವ ಹೊತ್ತು ಬಂತೆಂದರೆ ನಮ್ಮವ್ವನ ಬಾಯಿಂದ ಒಂದು ಕತೆ ತಪ್ಪದೆ ಹೊರಬೀಳುತ್ತಿತ್ತು. ಕತೆಯ ನಾಯಕಿ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ. ಸಿಂದಗಿಗೆ ಕೊಟ್ಟಿದ್ದ ಅತ್ತೆ ಚೊಚ್ಚಲ ಬಾಣಂತನಕ್ಕೆ ಗೊಳಸಂಗಿಯ ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಒಂದು ಮುಂಜಾನೆ ಅತ್ತೆ ಎದ್ದವಳೇ ಸೀರೆ ಎತ್ತಿ ಕಟ್ಟಿ, ಸುಣ್ಣ ಕಲಸಿ, ಪಡಸಾಲೆಯ ಗೋಡೆಗೆ ನಿಂತುಬಿಟ್ಟಳಂತೆ. ಪಡಸಾಲೆ ಮುಗಿಯಿತು, ಅಡುಗೆಮನೆ ಮುಗಿಯಿತು, ದನದ ಕೊಟ್ಟಿಗೆಯೂ ಬೆಳ್ಳಗಾಯಿತು. ಸುಣ್ಣ ಉಳಿದಿತ್ತು. ಮಗ್ಗುಲ ಮನೆಯ ಗೋಡೆಗೆ ಹಚ್ಚಿದಳು, ಆ ಮನೆಯವರು ಸಂತೋಷಪಟ್ಟರು. ಅದರಾಚೆಗಿನ ಮನೆಯವರು ಬೇಡ ಅಂದರು, ಅವರಿಗೂ ಹಚ್ಚಿದಳು. ಹನುಮಪ್ಪನ ಗುಡಿಯ ಕಟ್ಟೆ, ಸರಕಾರಿ ಶಾಲೆಯ ಕಂಪೌಂಡು ಎಲ್ಲ ಮುಗಿಸಿ ತಿರುಗುವಾಗ ಒಂದು ಎಮ್ಮೆ ದಾರಿಗೆ ಅಡ್ಡ ನಿಂತಿತ್ತು. ಅದಕ್ಕೂ ಹಚ್ಚಿದಳು.

"ಹೆಣಮಗಳು ಅಂದ್ರ ಹಂಗಿರಬೇಕು ನೋಡ್ರಿ," ಎಂದು ಅವ್ವ ನನ್ನನ್ನೂ ನನ್ನ ತಂಗಿಯನ್ನೂ ನೋಡಿ ಮುಗಿಸುತ್ತಿದ್ದಳು. "ನೀವೂ ಅದೀರಿ, ಉಂಡ ತಾಟು ಎತ್ತಾಕೂ ಬಗ್ಗೂದಿಲ್ಲ."

ನನಗೆ ಆ ಎಮ್ಮೆಯ ಮೇಲೆ ಕನಿಕರವಿತ್ತು. ಬಾಣಂತಿಯ ಕೈಗೆ ಕುಂಚ ಕೊಟ್ಟವರು ಯಾರು ಎಂದು ಮಾತ್ರ ನಾನು ಎಂದೂ ಕೇಳಲಿಲ್ಲ. ಊರಲ್ಲಿ ಯಾರೂ ಕೇಳಿರಲಿಲ್ಲ.

ಇಲ್ಲಿ ನಮ್ಮ ಸಂಬಂಧದ ಗಂಟನ್ನು ಸ್ವಲ್ಪ ಬಿಚ್ಚಬೇಕು, ಇಲ್ಲದಿದ್ದರೆ ಮುಂದೆ ಡಾಕ್ಟರಿಗೆ ಆದ ಗತಿ ನಿಮಗೂ ಆದೀತು. ನಮ್ಮಪ್ಪನ ಅಕ್ಕನನ್ನು ಸಿಂದಗಿಯ ಮನೆಗೆ ಕೊಟ್ಟು, ಅದೇ ಮನೆಯ ಮಗಳನ್ನು ನಮ್ಮಪ್ಪನಿಗೆ ತಂದುಕೊಂಡರು. ಆ ಮಗಳೇ ನಮ್ಮವ್ವ. ಹೀಗೆ ಕೊಟ್ಟು ತಂದದ್ದು ಸಾಲದೆಂದು ಮುಂದೆ ನನ್ನನ್ನು ಅತ್ತೆಯ ಹಿರಿಯ ಮಗನಿಗೆ ಕೊಟ್ಟರು. ಸುಣ್ಣದ ಕತೆಯಲ್ಲಿ ಕುತ್ತಿಗೆ ನಿಲ್ಲದ ಕೂಸು ಯಾವುದಿತ್ತೋ ಅದೇ ನನ್ನ ಗಂಡ. ಮದುವೆಯ ದಿನ ಹೆಣ್ಣಿನ ಕಡೆಯವರು ಯಾರು, ಗಂಡಿನ ಕಡೆಯವರು ಯಾರು ಎಂದು ತಿಳಿಯದೆ ಅಡುಗೆಯವನು ಎಲ್ಲರಿಗೂ ಎರಡೆರಡು ಸಲ ಬಡಿಸಿದ.

ಗಂಡನ ಮನೆಗೆ ಹೋದ ಮೇಲೆ ನನಗೆ ಮೊದಲು ನಿರಾಸೆಯಾದದ್ದು, ಅದುವರೆಗೆ ಹಬ್ಬ ಹುಣ್ಣಿಮೆಗೆ ಮಾತ್ರ ಕಂಡಿದ್ದ ಅತ್ತೆಯನ್ನು ದಿನಾ ಹತ್ತಿರದಿಂದ ನೋಡಿ. ಊರನ್ನೇ ಬೆಳ್ಳಗೆ ಮಾಡಿದ ಹೆಂಗಸು ಎಂದರೆ ಬಿರುಗಾಳಿಯಂತೆ ಇರುತ್ತಾಳೆ ಅಂದುಕೊಂಡಿದ್ದೆ. ಇವಳೋ, ರೊಟ್ಟಿ ಬಡಿಯುವಾಗ ಒಂದು ರೊಟ್ಟಿಗೂ ಇನ್ನೊಂದಕ್ಕೂ ನಡುವೆ ನಾನು ಚಹಾ ಕುಡಿದು ಬರಬಹುದಿತ್ತು. ಮನೆಗೆ ಸುಣ್ಣ ಹಚ್ಚುವ ದಿನ ಬಂದರೆ ಯಂಕಂಚಿಯಲ್ಲಿದ್ದ ಮಗಳ ಮನೆಗೆ ಹೊರಟುಬಿಡುತ್ತಿದ್ದಳು. "ನನಗ ಸುಣ್ಣದ ವಾಸನಿ ಆಗಿಬರೂದಿಲ್ಲ," ಅನ್ನುತ್ತಿದ್ದಳು. ಅವಳ ಅಂಗೈಯ ಚರ್ಮ ಅಲ್ಲಲ್ಲಿ ಬಿಗಿದುಕೊಂಡು ಹೊಳೆಯುತ್ತಿತ್ತು. ಹೆಂಚಿನ ಕಾವಿಗೆ ಹಾಗಾಗಿರಬೇಕು ಎಂದು ನಾನೇ ತೀರ್ಮಾನಿಸಿದ್ದೆ.

ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹತ್ತನೆಯ ತರಗತಿಗೆ ಬಟಾಣಿ ಗಿಡದ ಪಾಠ ನನ್ನದು: ಎತ್ತರದ ಗಿಡ, ಗಿಡ್ಡ ಗಿಡ, ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂಬುದು. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಸೊಗಸಾಗಿ ಹೇಳುತ್ತಿದ್ದೆ. ಆ ಪಾಠಕ್ಕೂ ನಮ್ಮ ಮನೆಗೂ ಏನಾದರೂ ಸಂಬಂಧವಿದ್ದೀತು ಎಂದು ಹೊಳೆಯಲಿಲ್ಲ. ಬಟಾಣಿ ಎಲ್ಲಿ, ನಾವೆಲ್ಲಿ!

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಮಗ ಹುಟ್ಟಿದ. ಅದಾದ ಮೇಲೆ ನನಗೆ ಕತ್ತಲೆ ಕವಿಯಿತು. ಇದನ್ನು ನಗಿಸುವ ಹಾಗೆ ಹೇಳಲು ನನಗೆ ಈಗಲೂ ಬರುವುದಿಲ್ಲ. ಊಟ ಮಣ್ಣಿನಂತಿತ್ತು. ಕೂಸು ಅತ್ತರೆ ನಾನೂ ಅಳುತ್ತಿದ್ದೆ, ಕೂಸು ನಕ್ಕರೆ ಇನ್ನೂ ಹೆಚ್ಚು ಅಳುತ್ತಿದ್ದೆ. ಟಾನಿಕ್ ಕುಡಿಸಿದರು, ದೃಷ್ಟಿ ತೆಗೆದರು. ಗೊಳಸಂಗಿಯಿಂದ ಬಂದ ಅವ್ವ, "ಕೂಸಿನ್ನ ನಾ ಒಯ್ಯತೇನಿ, ಇಕಿ ಆರಾಮ ಆಗೂತನಕ ನಮ್ಮಲ್ಲಿ ಇರಲಿ," ಅಂದಳು. ಎಂದೂ ದನಿ ಏರಿಸದ ಅತ್ತೆ ತೊಟ್ಟಿಲಿಗೆ ಅಡ್ಡ ನಿಂತುಬಿಟ್ಟಳು.

"ಕೂಸು ತಾಯಿನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ. ನಾ ಜೀವಂತ ಇರೂತನಕ ಹೋಗೂದಿಲ್ಲ."

ಅತ್ತೆಗೆ ಮೊಮ್ಮಗನ ಮೇಲೆ ಅಷ್ಟು ಪ್ರೀತಿ ಎಂದು ಎಲ್ಲರೂ ತಿಳಿದರು. ಕಡೆಗೆ ಬಿಜಾಪುರದ ಮನೋರೋಗದ ಡಾಕ್ಟರಿಗೆ ತೋರಿಸುವುದೆಂದು ನಿಶ್ಚಯವಾಯಿತು.

ನಿಶ್ಚಯವಾದದ್ದು ಮನೆಯೊಳಗೆ. ಓಣಿಗೆ ಮಾತ್ರ "ಕಣ್ಣು ತೋರಿಸಾಕ ಹೊಂಟೇವಿ" ಎಂದು ಹೇಳಿದೆವು. ಯಾಕೆಂದರೆ ಆಗ ನನ್ನ ಮೈದುನನಿಗೆ ಮುದ್ದೇಬಿಹಾಳದ ಒಂದು ಮನೆಯಿಂದ ಸಂಬಂಧ ಬಂದಿತ್ತು. ನಮ್ಮ ಕಡೆ ಹೆಣ್ಣು ಕೊಡುವವರು ಹೊಲ ನೋಡುವ ಮೊದಲು ಓಣಿಯಲ್ಲಿ ವಿಚಾರಿಸುತ್ತಾರೆ: ಯಾರಿಗಾದರೂ ತಲೆ ಕೆಟ್ಟಿತ್ತೋ ಎಂದು. ಕಣ್ಣು ಕೆಟ್ಟರೆ ಅಡ್ಡಿಯಿಲ್ಲ. ಸುಳ್ಳಿಗೆ ಸಾಕ್ಷಿ ಬೇಕೆಂದು ನಮ್ಮ ಮನೆಯವರು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ನನಗೆ ನಂಬರಿಲ್ಲದ ಕನ್ನಡಕ ಕೊಡಿಸಿದರು. ಅದನ್ನು ಹಾಕಿಕೊಂಡು ಅಳುವುದು ಇನ್ನಷ್ಟು ಕಷ್ಟವಾಯಿತು.

ಡಾಕ್ಟರು ಧಾರವಾಡದ ಕಡೆಯವರು, ನಿಧಾನಸ್ಥರು. ಎಲ್ಲ ಕೇಳಿಕೊಂಡು ಕೊನೆಗೆ, "ನಿಮ್ಮ ಮನೆತನದಾಗ ಯಾರಿಗರೆ ಹಿಂದ ಹಿಂಗ..." ಎನ್ನುತ್ತಿದ್ದಂತೆ ಅವ್ವ ಮತ್ತು ಅತ್ತೆ ಒಂದೇ ಉಸಿರಿಗೆ, "ಯಾರಿಗೂ ಇಲ್ಲರಿ!" ಅಂದರು. ಡಾಕ್ಟರು ಪ್ರಶ್ನೆಯನ್ನು ಮುಗಿಸಿರಲೇ ಇಲ್ಲ. ಅವರು ಗುಳಿಗೆ ಬರೆದುಕೊಟ್ಟು, ತಿಂಗಳು ಬಿಟ್ಟು ಬರಲು ಹೇಳಿದರು.

ಗುಳಿಗೆ ನಿಜವಾಗಿ ಕೆಲಸ ಮಾಡಿತು. ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಎದ್ದಾಗ ಚಹಾ ಚಹಾದಂತೆ ರುಚಿಸಿತು. ಮಗ ನಕ್ಕ, ನಾನೂ ನಕ್ಕೆ. ಅತ್ತೆ ದೇವರ ಮುಂದೆ ದೀಪ ಹಚ್ಚಿದಳು. ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಪ್ರಮೇಯವಿರಲಿಲ್ಲ. ನಾನು ನಿಲ್ಲಲಿಲ್ಲ. ಮಜವಾಗಿದ್ದೇನೆ ಅಂದವಳು ಭಾರೀ ಮಜವಾಗಿದ್ದೇನೆ ಅನ್ನತೊಡಗಿದೆ. ಬೆಳಗಿನ ಕೋಳಿ ಕೂಗುವ ಮೊದಲೇ ಎದ್ದು ಕೌದಿಗಳನ್ನೆಲ್ಲ ಒಗೆದೆ. ನಿದ್ದೆ ಎಂಬುದು ಸೋಮಾರಿಗಳಿಗೆ ಎಂದು ಸಾರಿದೆ. ಶಾಲೆಯಲ್ಲಿ ನನ್ನ ಬಟಾಣಿ ಪಾಠವನ್ನು ಹತ್ತನೆಯವರಿಗೆ ಹೇಳಿದೆ, ಆಮೇಲೆ ಎಂಟನೆಯವರಿಗೆ, ಆಮೇಲೆ ಗಂಟೆ ಬಾರಿಸಲು ಬಂದ ಜವಾನನಿಗೆ. ಅವನು ಗಂಟೆ ಬಾರಿಸುವುದನ್ನು ಮರೆತ.

ಅಷ್ಟಕ್ಕೆ ತೃಪ್ತಿಯಾಗದೆ ನಾನೇ ಬಟಾಣಿ ಬೆಳೆದು ಹೊಸ ತಳಿ ತೆಗೆಯಬೇಕೆಂದು ಹೊರಟೆ. ನಮ್ಮ ಮನೆಯವರದು ಬೀಜ ಗೊಬ್ಬರದ ಅಂಗಡಿ. ಅಲ್ಲಿಂದ ಚೀಲ ತಂದು ಮನೆಯ ಕೊಡ, ಬೋಗುಣಿ, ಹಿತ್ತಾಳೆ ಹಂಡೆ ಎಲ್ಲದರಲ್ಲೂ ಮಣ್ಣು ತುಂಬಿ ಬಟಾಣಿ ಊರಿದೆ. ಕೂಸಿಗೆ ಸ್ನಾನ ಮಾಡಿಸುವ ತಗಡಿನ ಬುಟ್ಟಿಯನ್ನೂ ಬಿಡಲಿಲ್ಲ. ಇಂಡಿ ತಾಲೂಕಿನ ಅಗರಖೇಡಕ್ಕೆ ಕೊಟ್ಟಿದ್ದ ನನ್ನ ತಂಗಿಯ ಹೊಲದಲ್ಲಿ ಜಾಗ ಕೇಳಲೆಂದು ಒಂದು ದಿನ ಇಂಡಿಯ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಪ್ರಯಾಣಿಕರಿಗೆ ಉಪನ್ಯಾಸ ಕೊಟ್ಟೆ. ಕಂಡಕ್ಟರು ಟಿಕೆಟ್ ಕೇಳಿದ್ದಕ್ಕೆ ಅವನ ಕಿವಿಯ ಆಕಾರ ನೋಡಿ ಅದು ಅವನ ತಂದೆಯಿಂದ ಬಂತೋ ತಾಯಿಯಿಂದ ಬಂತೋ ಎಂದು ವಿಚಾರಿಸಿದೆ. ಅರ್ಧ ದಾರಿಯಲ್ಲಿ ಎದೆ ಬಿಗಿದು ಕುಪ್ಪಸ ತೊಯ್ದಾಗ ನೆನಪಾಯಿತು, ಮನೆಯಲ್ಲಿ ಕೂಸಿಗೆ ಹಾಲುಣಿಸದೆ ಬಂದಿದ್ದೇನೆ ಎಂದು. ನೆನಪಾಯಿತು, ನಕ್ಕೆ, ಉಪನ್ಯಾಸ ಮುಂದುವರಿಸಿದೆ.

ಅದೇ ವಾರ ಮುದ್ದೇಬಿಹಾಳದವರು ಮನೆ ನೋಡಲು ಬಂದರು. ಹೆಣ್ಣಿನ ತಂದೆ ದೊಡ್ಡ ರುಮಾಲಿನ, ಹೊಸ ಕನ್ನಡಕದ ಮನುಷ್ಯ. ಅವಲಕ್ಕಿ ಕೊಟ್ಟು ಒಳಗೆ ಹೋಗು ಎಂದು ಮಾವ ಸನ್ನೆ ಮಾಡಿದರು. ನಾನು ಒಳಗೆ ಹೋದದ್ದು ಸೀಮೆಸುಣ್ಣ ತರಲು. ಪಡಸಾಲೆಯ ಗೋಡೆಯ ಮೇಲೆ ಎತ್ತರದ ಬಟಾಣಿ, ಗಿಡ್ಡ ಬಟಾಣಿ ಬರೆದೆ. ಕೆಳಗೆ ನಮ್ಮ ವಂಶವನ್ನೂ ಬರೆದೆ.

"ಮಾಮಾರೀ, ಬೀಜ ಚಲೋ ಇದ್ರ ಬೆಳಿ ಚಲೋ. ನಿಮ್ಮ ಮನಿತನದಾಗ ಸಕ್ಕರಿ ಬ್ಯಾನಿ ಯಾರಿಗೈತಿ? ಯಾರಿಗರ ತಲಿ ಕೆಟ್ಟಿತ್ತೇನು? ನಾಚಬ್ಯಾಡ್ರಿ, ಇದು ವಿಜ್ಞಾನ."

ಅವರಿಗೆ ಅವಲಕ್ಕಿ ನೆತ್ತಿಗೇರಿತು. ನೀರು ಕುಡಿದು, ಕನ್ನಡಕ ಒರೆಸಿಕೊಂಡು, "ನಮ್ಮಲ್ಲಿ ಅಂಥಾದ್ದೇನೂ ಇಲ್ಲವಾ," ಅಂದರು. ಸಂಬಂಧ ಮುರಿಯಿತು ಎಂದು ಮಾವ ತಲೆ ಮೇಲೆ ಕೈ ಇಟ್ಟುಕೊಂಡರು. ಹೋಗುವಾಗ ಆ ಮನುಷ್ಯ, "ನಿಮ್ಮ ಹಿರೇ ಸೊಸಿ ಭಾಳ ಓದಿಕೊಂಡಾಕಿ ಬಿಡ್ರಿ," ಎಂದು ಹೊಗಳಿ ಹೋದ. ಮನೆಯಲ್ಲಿ ನನ್ನ ಬೆಲೆ ಏರಿತು. ಅತ್ತೆ ಮಾತ್ರ ನನ್ನ ಕಣ್ಣನ್ನೇ ನೋಡುತ್ತ ನಿಂತಿದ್ದಳು.

"ನಿದ್ದಿ ಬಂತೇನವಾ?" ಎಂದು ದಿನಾ ಮುಂಜಾನೆ ಕೇಳುತ್ತಿದ್ದಳು.

"ನಿದ್ದಿ ಯಾರಿಗೆ ಬೇಕತ್ತೀ!"

ಮಗನ ಹತ್ತಿರ ಹೋಗಿ, "ಇಕಿನ್ನ ಲಗೂನ ಡಾಕ್ಟರ ಕಡೆ ಕರಕೊಂಡು ನಡಿಯೋ," ಅಂದಳು. "ಈಗರ ನಕ್ಕೊಂಡು ಅದಾಳ, ಬಿಡವ್ವ," ಅಂದರು ನಮ್ಮ ಮನೆಯವರು. ಇಂಡಿ ಬಸ್ಸಿನ ಸುದ್ದಿ ಕೇಳಿದ ಮಾವ, ಕೂಸನ್ನು ಗೊಳಸಂಗಿಗೆ ಕಳಿಸುವ ಮಾತನ್ನು ಮತ್ತೆ ಎತ್ತಿದರು. ಅವ್ವ ಒಯ್ಯಲೆಂದೇ ಬಂದಳು. ಡಾಕ್ಟರಿಗೆ ತೋರಿಸಿ ಬಂದ ಮೇಲೆ ನೋಡೋಣ ಎಂದು ಅತ್ತೆ ಒಂದು ದಿನದ ಮಟ್ಟಿಗೆ ತಡೆದಳು. ನಾವು ನಾಲ್ವರೂ ಕೂಸಿನ ಸಮೇತ ಬಿಜಾಪುರಕ್ಕೆ ಹೊರಟೆವು.

ದವಾಖಾನೆಯ ಹೊರಕೋಣೆಯಲ್ಲಿ ಬೆಂಚಿನ ತುದಿಗೆ, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಮುದ್ದೇಬಿಹಾಳದ ಬೀಗರು ಕೂತಿದ್ದರು. ಪಕ್ಕದಲ್ಲಿ ಅವರ ತಾಯಿ, ಮುದುಕಿ. ಅವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು.

"ಕಣ್ಣು ತೋರಿಸಾಕ ಬಂದಿದ್ವಿರಿ," ಅಂದರು ಅವರು, ಕನ್ನಡಕ ಸರಿಮಾಡಿಕೊಳ್ಳುತ್ತ.

"ನಾವೂ ಅದಕ್ಕ ಬಂದೇವ್ರಿ," ಅಂದರು ನಮ್ಮ ಮನೆಯವರು, ನನ್ನ ಕನ್ನಡಕ ತೋರಿಸುತ್ತ.

ಆ ಕಟ್ಟಡದಲ್ಲಿ ಕಣ್ಣಿನ ಡಾಕ್ಟರೇ ಇರಲಿಲ್ಲ. ಡಾಕ್ಟರ ಕೋಣೆಗೂ ಹೊರಕೋಣೆಗೂ ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ. ನಮ್ಮ ಕಡೆಯವರು ಗುಟ್ಟು ಹೇಳಿದರೂ ಎದುರು ಮನೆಗೆ ಕೇಳಿಸುತ್ತದೆ, ಇನ್ನು ಪರದೆ ಯಾವ ಲೆಕ್ಕ!

ಒಳಗೆ ನಮ್ಮ ಮನೆಯವರು ಖುಷಿಯಿಂದ ವರದಿ ಒಪ್ಪಿಸಿದರು. "ಭಾಳ ಆರಾಮ ಆಗ್ಯಾಳ್ರಿ. ನಾಕು ಮಂದಿ ಕೆಲಸ ಒಬ್ಬಾಕೀನ ಮಾಡತಾಳ." ನಾನು ಡಾಕ್ಟರ ಪೆನ್ನು ಕಸಿದುಕೊಂಡು ಅವರ ಚೀಟಿಯ ಮೇಲೆಯೇ ಬಟಾಣಿ ಬರೆದು ತೋರಿಸುತ್ತಿದ್ದೆ. ಡಾಕ್ಟರ ಹುಬ್ಬು ಮೇಲೇರಿತು.

"ಇವರು ಮೊದಲಿಂದಾನೂ ಹಿಂಗs ಏನು?"

"ಸಣ್ಣಾಕಿ ಇದ್ದಾಗಿಂದ ಹಿಂಗರಿ, ಭಾರೀ ಮಾತಿನಮಲ್ಲಿ," ಅಂದಳು ಅವ್ವ. ಅಪ್ಪಟ ಸುಳ್ಳು. ಸಣ್ಣವಳಿದ್ದಾಗ ನನಗೆ ಮೂಗಿ ಎಂದು ಹೆಸರಿಟ್ಟವಳು ಅವಳೇ.

ಡಾಕ್ಟರು ಪೆನ್ನನ್ನು ವಾಪಸು ಪಡೆದು ನಿಧಾನವಾಗಿ ಹೇಳಿದರು: "ನೋಡ್ರಿ, ಈ ಗುಳಿಗಿ ಹೆಚ್ಚಿನ ಮಂದಿನ್ನ ಕುಣಿಯೊಳಗಿಂದ ಮ್ಯಾಲೆ ತಂದು ನೆಲದ ಮ್ಯಾಲ ನಿಲ್ಲಸತದ. ಕೆಲವರನ್ನ ಮಾತ್ರ ಎತ್ತಿ ಮಾಳಿಗಿ ಮ್ಯಾಲ ಇಡತದ. ಅದು ಆ ಮನಿಷ್ಯಾರ ತಪ್ಪಲ್ಲ, ರಕ್ತದಾಗ ಬಂದಿರಬಹುದು. ಬರೇ ಆರಾಮ ಆಗ್ಯಾರ ಅಂದ್ರ ಗುಳಿಗಿ ನಡುವs ಬಿಡಸಬಾರದು, ಕತ್ತಲಿ ತಿರುಗಿ ಬರತದ. ಮಾಳಿಗಿ ಏರ್ಯಾರ ಅಂದ್ರ ಇವತ್ತs ನಿಲ್ಲಸಬೇಕು. ಅದಕ್ಕs ಮನೆತನದ ಸಂಗತಿ ಕೇಳೂದು."

ಅವರು ಗಂಡಸಿಗೊಂದು ಚೌಕ, ಹೆಂಗಸಿಗೊಂದು ವರ್ತುಲ ಎಂದು ಬರೆಯತೊಡಗಿದರು. ಗಂಡನ ಮನೆಯ ಕಡೆ ಬರೆದು ಮುಗಿಸಿ, "ಇನ್ನ ತವರುಮನಿ ಹೇಳ್ರಿ," ಅಂದರು.

"ಅದೂ ಇವರದ ಮನಿರಿ," ಅಂದಳು ಅವ್ವ.

ಡಾಕ್ಟರು ಇನ್ನೊಂದು ಗೆರೆ ಎಳೆದರು, ಅದು ಮೊದಲಿನ ಗೆರೆಗೆ ಹೋಗಿ ಸಿಕ್ಕಿಕೊಂಡಿತು. ಮತ್ತೊಂದು ಎಳೆದರು. ಕಾಗದದ ಮೇಲೆ ಶಾವಿಗೆ ಚೆಲ್ಲಿದಂತಾಯಿತು.

"ನಮ್ಮ ಕಡೆ ಯಾರಿಗೂ ಇಲ್ಲರಿ," ಅವ್ವ ಮುಂದುವರಿಸಿದಳು. "ಇದ್ರ ಇವರ ಕಡೆಯಿಂದ ಬಂದಿರಬೇಕು."

ಅತ್ತೆ ತಿರುಗಿದಳು. "ನಮ್ಮ ಕಡೆ ಅಂದ್ರ ಯಾರ ಕಡೆ ತಂಗೀ? ನನ್ನ ತವರುಮನಿ ಅಂದ್ರ ನಿನ್ನ ಗಂಡನ ಮನಿ."

"ಹಂಗಾರ ನಿಮ್ಮ ಗಂಡನ ಮನಿ ಕಡೆಯಿಂದ ಅನ್ರಿ ವೈನಿ."

"ಅದು ನಿನ್ನ ತವರುಮನಿ."

ಅವ್ವನಿಗೆ ಬೈಯಲು ಜಗತ್ತಿನಲ್ಲಿ ಒಂದು ಮನೆಯೂ ಉಳಿದಿರಲಿಲ್ಲ. ಡಾಕ್ಟರು ನಗು ತಡೆದುಕೊಂಡು, "ಆತು ಬಿಡ್ರಿ. ಯಾರಿಗೂ ಇಲ್ಲ ಅಂತ ಬರಕೋತೀನಿ. ಇದs ಗುಳಿಗಿ ಇನ್ನೊಂದು ವಾರ ತಗೊಂಡು ನೋಡೂಣ," ಅಂದರು. ಅವ್ವ ಎದ್ದು ಅತ್ತೆಯ ಮಡಿಲಿನಿಂದ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು.

"ತಡೀರಿ," ಅಂದಳು ಅತ್ತೆ. "ನನಗ ಆಗಿತ್ತರಿ."

"ವೈನೀ, ಸಣ್ಣಗ ಮಾತಾಡ್ರಿ. ಹೊರಗ ಬೀಗರು ಕುಂತಾರ."

"ಕುಂದರಲಿ. ಕೇಳಲಿ." ಅತ್ತೆ ಕೂಸನ್ನು ನನ್ನ ಮಡಿಲಿಗೆ ಕೊಟ್ಟು ಡಾಕ್ಟರ ಕಡೆ ತಿರುಗಿದಳು. "ಇಕಿ ಗಂಡ ಹುಟ್ಟಿದಾಗ ನಾನೂ ಹಿಂಗ ಬರೇ ಅಳತಿದ್ನಿರಿ. ಸೊಲ್ಲಾಪುರದಾಗ ಒಬ್ಬರು ಡಾಕ್ಟರು ಗುಳಿಗಿ ಕೊಟ್ಟರು. ಅಳು ನಿಂತಿತು. ಆಮ್ಯಾಲ ನಿದ್ದಿನೂ ನಿಂತಿತು. ಮನಿಗೆ ಸುಣ್ಣ ಹಚ್ಚಿದೆ, ಊರಿಗೆ ಹಚ್ಚಿದೆ, ಎಮ್ಮಿಗೂ ಹಚ್ಚಿದೆ."

ಎಮ್ಮೆ ಎಂದಾಗ ಡಾಕ್ಟರು ನಕ್ಕುಬಿಟ್ಟರು. ನಾನೂ ಕಿಸಕ್ಕನೆ ನಕ್ಕೆ. ಅತ್ತೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬೆಳಕಿಗೆ ಒಡ್ಡಿದಳು.

"ಎಲ್ಲಾರೂ ಎಮ್ಮಿ ಕತಿ ಹೇಳತಾರ್ರಿ. ನನ್ನ ಕೈ ಸುಟ್ಟದ್ದು ಯಾರೂ ಹೇಳೂದಿಲ್ಲ. ಕುದಿಯೂ ಸುಣ್ಣ ಬರಿಗೈಲೆ ಕಲಸಿದ್ದೆ. ಉರಿ ಗೊತ್ತಾಗಲಿಲ್ಲ, ನಕ್ಕೋತ ಕಲಸಿದೆ. ನಮ್ಮವ್ವ ಗುಳಿಗಿ ಬಾವಿಗೆ ಒಗದಳು, ಸಾವಕಾಶ ಇಳೀತು. ಖರೆ, ಕೂಸಿನ್ನ ನನ್ನ ಕೈಗೆ ಕೊಡಲಿಲ್ಲ. ಹುಚ್ಚಿ ಕೈಯಾಗ ಕೂಸು ಬ್ಯಾಡ ಅಂದ್ರು. ನಡಿಯೂ ಹುಡುಗ ಆದಮ್ಯಾಲ ಕೊಟ್ಟರು. ಅಷ್ಟರಾಗ ಅವ ಈಕಿಗೆ ಅವ್ವಾ ಅನ್ನಾಕತ್ತಿದ್ದ." ಈಕೆ ಎಂದಾಗ ಅವಳು ತೋರಿಸಿದ್ದು ನಮ್ಮವ್ವನನ್ನು.

ವಾರಗಟ್ಟಲೆ ಮುಚ್ಚದಿದ್ದ ನನ್ನ ಬಾಯಿ ಆಗ ಮುಚ್ಚಿತು. ಸಣ್ಣಂದಿನಲ್ಲಿ ಗೊಳಸಂಗಿಯಲ್ಲಿ ಬೆಳೆದದ್ದು ಅಜ್ಜಿಯ ಮುದ್ದಿಗೆ ಎಂದು ನಂಬಿದ್ದ ನನ್ನ ಗಂಡ ತಾಯಿಯ ಅಂಗೈಯನ್ನು ನೋಡುತ್ತ ಕೂತರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ, "ಹಿರಿಯಾರು ಹಂಗ ಹೇಳು ಅಂದ್ರು, ಚಲೋ ಕೆಲಸದಾಕಿ ಅಂತ. ಹೇಳಿ ಹೇಳಿ ನನಗೂ ಅದ ಖರೆ ಅನಿಸಿತ್ತು," ಅಂದಳು.

ಡಾಕ್ಟರು ಆ ದಿನವೇ ಗುಳಿಗೆ ನಿಲ್ಲಿಸಿ, ಏರಿದ್ದನ್ನು ಇಳಿಸುವ ಬೇರೆ ಔಷಧ ಬರೆದರು. "ಅತ್ತೆಗೆ ಆದದ್ದು ಸೊಸೆಗೆ ಆಗಲೇಬೇಕು ಅಂತ ಏನಿಲ್ಲ. ನಿಮ್ಮ ಬಟಾಣಿಯಷ್ಟು ಸುಲಭ ಅಲ್ಲ ಇದು, ಸಣ್ಣ ಸಣ್ಣ ಸಂಗತಿ ಭಾಳ ಕೂಡಿರತಾವ. ಖರೆ ಮೊದಲs ಗೊತ್ತಿದ್ರ ನಾನು ಕಣ್ಣಿಟ್ಟಿರತಿದ್ದೆ," ಅಂದರು. ಕೂಸು ತಾಯಿಯ ಹತ್ತಿರವೇ ಇರಲಿ, ಜೊತೆಗೆ ಅತ್ತೆಯೂ ಇರಲಿ ಎಂದು ಅವ್ವನ ಕಡೆ ನೋಡಿ ಹೇಳಿದರು.

ಹೊರಗೆ ಬಂದಾಗ ಬೀಗರು ಎದ್ದು ನಿಂತಿದ್ದರು. ಅವರ ಬಾಯಿಂದ ಮಾತು ಹೊರಡುವ ಮೊದಲೇ ಅವರ ತಾಯಿ, ಆ ಮುದುಕಿ, ಅತ್ತೆಯ ಕೈ ಹಿಡಿದು ಅಂಗೈ ತಿರುಗಿಸಿ ನೋಡಿ, "ನಾನೂ ಊರ ಮಂದಿ ಹಾಸಿಗಿ ಎಲ್ಲಾ ಎತ್ತಿ ಬಾವಿಗೆ ಒಗದಿದ್ನಿ ನೋಡವಾ," ಅಂದಳು. ಬೀಗರು ಕನ್ನಡಕ ತೆಗೆದು ಜೇಬಿಗೆ ಇಟ್ಟುಕೊಂಡರು. ಆ ಮದುವೆ ಆಯಿತು. ಸಂಬಂಧ ಯಾಕೆ ಮುರಿಯಲಿಲ್ಲ ಎಂದು ಸಿಂದಗಿಯ ಓಣಿಗೆ ಇವತ್ತಿಗೂ ತಿಳಿದಿಲ್ಲ.

ನಾನು ಮಾಳಿಗೆಯಿಂದ ಇಳಿಯಲು ಕೆಲವು ವಾರ ಹಿಡಿಯಿತು. ಇಳಿದು ನೋಡಿದರೆ ಹಂಡೆಯಲ್ಲಿ ಬಟಾಣಿ ಚಿಗುರಿತ್ತು. ಎತ್ತರದ್ದೂ ಅಲ್ಲ, ಗಿಡ್ಡದ್ದೂ ಅಲ್ಲ, ಕಾಯಿ ಬಿಟ್ಟಾಗ ಮೂರು ದಿನ ಪಲ್ಯಕ್ಕೆ ಬಂತು. ಬುಟ್ಟಿ ತೊಳೆದು ಅತ್ತೆ ಕೂಸನ್ನು ಎರೆದಳು. ನಾನು ಬಳಿಯಲ್ಲಿ ಕೂತು ನೀರು ಹಾಕಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಗರಖೇಡದ ನನ್ನ ತಂಗಿಗೂ ಹೆರಿಗೆಯ ನಂತರ ಅದೇ ಕತ್ತಲೆ ಕವಿಯಿತು. ಅವಳನ್ನು ಬಿಜಾಪುರಕ್ಕೆ ಕರೆದೊಯ್ದೆವು. ಹಳೆಯ ಡಾಕ್ಟರು ಊರು ಬಿಟ್ಟಿದ್ದರು, ಅಲ್ಲೊಬ್ಬ ಎಳೆಯ ಡಾಕ್ಟರಿದ್ದ. ಯಾರೂ ಕರೆಯದಿದ್ದರೂ ಅತ್ತೆ ಮೊದಲ ಬಸ್ಸಿಗೇ ಬಂದು ದವಾಖಾನೆಯ ಬಾಗಿಲಲ್ಲಿ ಕಾದಿದ್ದಳು. ಒಳಗೆ ಆ ಡಾಕ್ಟರು ಕಾಗದ ತೆಗೆದು, "ನಿಮ್ಮ ಮನೆತನದಲ್ಲಿ ಯಾರಿಗಾದರೂ..." ಎಂದು ಸುರು ಮಾಡಿದ. ಅವ್ವನ ಬಾಯಿ ಹಳೆಯ ಚಾಳಿಯಂತೆ ತೆರೆಯಿತು. ಅವಳು ಅತ್ತೆಯತ್ತ ನೋಡಿದಳು, ಕುರ್ಚಿ ಬಿಟ್ಟು ಎದ್ದು ಅವಳಿಗೆ ಜಾಗ ಕೊಟ್ಟಳು.

ಅತ್ತೆ ಕೂತು, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಟ್ಟಳು.

"ನನ್ನಿಂದ ಸುರು ಮಾಡ್ರಿ," ಅಂದಳು.